ಬೂಷ್ಟು ಯಾವಾಗ, ಯಾಕೆ ಬೀಜಾಣು ಮಾಡುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎಳೆ ಎಳೆಯಾಗಿ ಬೆಳೆಯುವ ಶಿಲೀಂಧ್ರಗಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ಕ್ಲಾಸು ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಕೇಳಿದ್ದು, ಪತ್ರದಲ್ಲಿ ಬಂದದ್ದು, ಮಾತಿನ ನಡುವೆ ಯಾರೋ ಎತ್ತಿದ್ದು, ಎಲ್ಲ ಸೇರಿಸಿ ನೋಡಿದರೆ ಪ್ರಶ್ನೆಗಳು ಸುಮಾರು ಇಪ್ಪತ್ತೇ. ವೇಷ ಮಾತ್ರ ಬೇರೆ ಬೇರೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯಿಂದಲೇ ಓದಲು ಶುರು ಮಾಡಬಹುದು.

## ಮೊದಲ ಪರಿಚಯ

ಬೂಷ್ಟಿನ ಮೇಲೆ ಕಾಣೋ ಹಸಿರು ಪುಡಿ ಏನದು? ಅದೇ ಬೂಷ್ಟಾ?

ಬೂಷ್ಟಿನ ಮೈ ಕಣ್ಣಿಗೆ ಬೀಳುವುದು ಕಡಿಮೆ. ಅದು ಕೂದಲಿಗಿಂತ ಎಷ್ಟೋ ಸಣ್ಣ ಎಳೆಗಳ ಜಾಲ. ಎಳೆಗೆ ಹೈಫಾ ಅನ್ನುತ್ತೇವೆ, ಜಾಲಕ್ಕೆ ಮೈಸೀಲಿಯಂ. ತಾನು ತಿನ್ನುತ್ತಿರುವ ವಸ್ತುವಿನ ಒಳಗೇ ಅದು ಹರಡಿಕೊಂಡಿರುತ್ತದೆ. ಮೇಲೆ ಕಾಣುವ ಹಸಿರು, ಕಪ್ಪು ಅಥವಾ ಕಿತ್ತಳೆ ಪುಡಿ ಬೀಜಾಣುಗಳದ್ದು. ಅಂದರೆ ನೀವು "ಅಯ್ಯೋ, ಬೂಷ್ಟು ಹಿಡಿದಿದೆ" ಅನ್ನುವ ಹೊತ್ತಿಗೆ ಅದು ಅಲ್ಲಿ ಬೇರೂರಿ ಆಗಿದೆ, ಈಗ ಬೇರೆ ಕಡೆ ಹೊರಡುವ ಸಿದ್ಧತೆಯಲ್ಲಿದೆ.

"ನಿರ್ಲಿಂಗ ಬೀಜಾಣು" ಅಂದ್ರೆ? ಬೀಜದ ಥರಾನೇ ಅಲ್ವಾ?

ಮಾಡುವ ಕೆಲಸ ಬೀಜದ್ದೇ. ಹುಟ್ಟುವ ರೀತಿ ಬೇರೆ. ಬೀಜಕ್ಕೆ ಸಾಮಾನ್ಯವಾಗಿ ತಂದೆ ತಾಯಿ ಇಬ್ಬರ ಪಾಲು ಬೇಕು. ಇಲ್ಲಿ ಒಂದೇ ಎಳೆ, ಮಾಮೂಲಿ ಕೋಶ ವಿಭಜನೆ, ತಾಯಿಯದೇ ನಕಲು. ಇಂಥ ನಿರ್ಲಿಂಗ ಬೀಜಾಣುಗಳಲ್ಲಿ ಹೆಚ್ಚು ಸಿಗುವ ಬಗೆಗೆ ಕೊನಿಡಿಯಾ ಅನ್ನುತ್ತಾರೆ. ಇಲ್ಲಿ ಹೇಳುವುದೆಲ್ಲ ಬಹುತೇಕ ಅದರ ಬಗ್ಗೆಯೇ. ಅದೇ ಶಿಲೀಂಧ್ರ ಲೈಂಗಿಕ ಬೀಜಾಣುಗಳನ್ನೂ ಮಾಡಬಹುದು. ಆದರೆ ಅದು ದಿನಗಟ್ಟಲೆ ಹಿಡಿಯುವ ಕೆಲಸ. ಕೊನಿಡಿಯಾ ಒಂದು ಹಗಲು ಒಂದು ರಾತ್ರಿಯಲ್ಲಿ ತಯಾರು.

ಈ ಪುಡಿ ಬೂಷ್ಟಿನ ಸಂತಾನ ಅನ್ನುವುದು ಕೂಡ ಒಂದು ಕಾಲದಲ್ಲಿ ಸಾಬೀತು ಮಾಡಬೇಕಾಗಿದ್ದ ಸಂಗತಿ. ಇಟಲಿಯ ಪಿಯರ್ ಆಂಟೋನಿಯೋ ಮಿಕೇಲಿ ಈ ಪುಡಿಯನ್ನು ಕರಬೂಜದ ಹೋಳುಗಳ ಮೇಲೆ ಬಿತ್ತಿ ನೋಡಿದರು. ಯಾವ ಬೂಷ್ಟಿನ ಪುಡಿ ಹಾಕಿದರೋ ಅದೇ ಬೂಷ್ಟು ಬಂತು. 1729ರಲ್ಲಿ ಅವರು ಇದನ್ನು ಅಚ್ಚು ಹಾಕಿಸಿದರು. ಆಸ್ಪರ್‌ಜಿಲ್ಲಸ್ ಎಂಬ ಹೆಸರೂ ಅವರದೇ. ಚರ್ಚಿನಲ್ಲಿ ತೀರ್ಥ ಚಿಮುಕಿಸುವ ಸಾಧನದ ಹಾಗೆ ಕಂಡಿತು ಅಂತ ಹಾಗೆ ಕರೆದರು.

ಒಂದು ಬೂಷ್ಟು ಎಷ್ಟು ಬೀಜಾಣು ಮಾಡುತ್ತೆ? ಹೇಗೆ ಮಾಡುತ್ತೆ ಅಂತ ಹತ್ತಿರದಿಂದ ತೋರಿಸ್ತೀರಾ?

ಆಸ್ಪರ್‌ಜಿಲ್ಲಸ್ ನಿಡ್ಯುಲನ್ಸ್ ತೆಗೆದುಕೊಳ್ಳೋಣ. ಈ ವಿಷಯದಲ್ಲಿ ಇದರಷ್ಟು ಪರೀಕ್ಷೆಗೆ ಒಳಗಾದ ಶಿಲೀಂಧ್ರ ಕಡಿಮೆ.

ಮಲಗಿರುವ ಎಳೆಯ ಒಂದು ಕೋಶ ಮೊದಲು ಗೋಡೆ ದಪ್ಪ ಮಾಡಿಕೊಂಡು ಪಾದ ಊರುತ್ತದೆ. ಅದರಿಂದ ಒಂದು ಕಾಂಡ ನೆಟ್ಟಗೆ ಗಾಳಿಗೆ ಏಳುತ್ತದೆ. ಎತ್ತರ ಸುಮಾರು 100 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಪಾಲು. ತುದಿ ಬಲೂನಿನ ಹಾಗೆ ಊದುತ್ತದೆ. ಬಲೂನಿನ ಮೈಮೇಲೆಲ್ಲ ಒಂದೇ ಸಲಕ್ಕೆ 60–70 ಪುಟ್ಟ ಕೋಶಗಳು ಮೊಗ್ಗಿನಂತೆ ಹೊರಡುತ್ತವೆ. ಪ್ರತಿಯೊಂದರ ಮೇಲೂ ಸೀಸೆಯಾಕಾರದ ಇನ್ನೆರಡು. ಈ ಸೀಸೆಗೆ ಫಿಯಾಲೈಡ್ ಅನ್ನುತ್ತಾರೆ. ಬೀಜಾಣುವಿನ ಕಾರ್ಖಾನೆ ಇದೇ. ಸೀಸೆಯೊಳಗೆ ನ್ಯೂಕ್ಲಿಯಸ್ ಒಡೆಯುತ್ತದೆ. ಒಂದು ಒಳಗೇ ಉಳಿಯುತ್ತದೆ, ಇನ್ನೊಂದು ಬಾಯಿಯಿಂದ ಹೊರಗೆ ಬಂದು ಬೀಜಾಣು ಆಗುತ್ತದೆ. ಮತ್ತೆ ಒಡೆಯುತ್ತದೆ, ಮತ್ತೊಂದು ಬರುತ್ತದೆ. ಹೊಸತು ಹಳೆಯದನ್ನು ಮೇಲಕ್ಕೆ ತಳ್ಳುತ್ತದೆ. ಹಾಗಾಗಿ ಸರದ ತುದಿಯಲ್ಲಿ ಇರುವುದೇ ಎಲ್ಲರಿಗಿಂತ ಹಿರಿಯ. ಒಂದೊಂದು ಸರದಲ್ಲಿ 100ರವರೆಗೂ ಮಣಿ. ಒಂದು ಕಾಂಡದ ತಲೆಯಲ್ಲಿ 10,000 ದಾಟುತ್ತದೆ. ಬೂಷ್ಟು ಬೆಳೆಸುವ ಒಂದು ಪೆಟ್ರಿ ತಟ್ಟೆಯಲ್ಲಿ ಇಂಥ ಕಾಂಡಗಳು ಎಷ್ಟಿರಬಹುದು, ನೀವೇ ಲೆಕ್ಕ ಹಾಕಿ.

ಮೊದಲ ಸಲ ಇದನ್ನು ನೋಡುವವರಿಗೆ ನನ್ನದೊಂದು ಸಲಹೆ. ಸ್ಲೈಡು ಮಾಡುವ ಮೊದಲು ತಟ್ಟೆಯನ್ನೇ ಕಡಿಮೆ ವರ್ಧನೆಯಲ್ಲಿ ಓರೆಯಾಗಿ ನೋಡಿ. ನೀರು ತಾಗಿದರೆ ಸರಗಳು ಚದುರಿ ಹೋಗುತ್ತವೆ.

ಎಲ್ಲ ಬೂಷ್ಟುಗಳೂ ಹೀಗೇನಾ?

ಇಲ್ಲ. ಪೆನಿಸಿಲಿಯಂನದು ಪೊರಕೆಯ ಆಕಾರ, ಬಲೂನು ಇರುವುದಿಲ್ಲ. ನ್ಯೂರೋಸ್ಪೋರಾದ ಮಾಮೂಲಿ ಕಿತ್ತಳೆ ಬೀಜಾಣುವಿಗೆ ಸೀಸೆಯೇ ಬೇಕಿಲ್ಲ. ಅದರ ಎಳೆಯ ತುದಿಯೇ ಮೊಗ್ಗು ಮೊಗ್ಗಾಗಿ, ನಡುನಡುವೆ ಸೊಂಟ ಬಿಗಿದುಕೊಂಡು ಸರವಾಗುತ್ತದೆ. ಫ್ಯುಸೇರಿಯಂ ಕುಡುಗೋಲಿನಂತೆ ಬಾಗಿದ, ಹಲವು ಕೋಣೆಗಳ ಬೀಜಾಣು ಮಾಡುತ್ತದೆ. ಅವು ಅಂಟಂಟಾಗಿ ಇರುವುದರಿಂದ ಗಾಳಿಗಿಂತ ಮಳೆಹನಿಯ ಸಿಡಿತಕ್ಕೇ ಜಾಸ್ತಿ ಕಾಯುತ್ತವೆ. ರೈಜೋಪಸ್ ಬೀಜಾಣುಗಳನ್ನು ಚೀಲದೊಳಗೆ ತುಂಬಿಡುತ್ತದೆ. ಹಾಗಾಗಿ ಅವಕ್ಕೆ ಕೊನಿಡಿಯಾ ಅನ್ನುವುದಿಲ್ಲ.

ಬ್ಯಾಕ್ಟೀರಿಯಾ ಕೂಡ ಸ್ಪೋರ್ ಮಾಡುತ್ತಲ್ಲ, ಅದೇ ಇದಾ?

ಹೆಸರು ಒಂದೇ, ಸಂಗತಿ ಬೇರೆ. ಬ್ಯಾಕ್ಟೀರಿಯಾದ ಎಂಡೋಸ್ಪೋರ್ ಕಷ್ಟಕಾಲ ಕಳೆಯಲು. ಒಂದು ಕೋಶದಿಂದ ಒಂದೇ, ಲೆಕ್ಕ ಹೆಚ್ಚುವುದಿಲ್ಲ. ಕೊನಿಡಿಯಾ ಹರಡಲು, ಸಾವಿರಗಟ್ಟಲೆ. ಗಟ್ಟಿತನದಲ್ಲಿ ಎಂಡೋಸ್ಪೋರ್ ಮುಂದೆ ಇದು ಏನೂ ಅಲ್ಲ. ಕುದಿಯುವ ನೀರಿಗೆ ಕೊನಿಡಿಯಾ ತಡೆಯುವುದಿಲ್ಲ.

## ಗಾಳಿ, ಬೆಳಕು, ಗಾಯ

ಊಟ ಮುಗಿದು ಹಸಿವಾದಾಗ ತಾನೇ ಬೀಜಾಣು ಮಾಡೋದು?

ಇದಕ್ಕಿಂತ ಹೆಚ್ಚು ಸಲ ಬಂದ ಪ್ರಶ್ನೆ ಇನ್ನೊಂದಿಲ್ಲ. "ಕಷ್ಟ ಬಂದರೆ ಬೀಜಾಣು" ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುವ ಪಾಠಗಳೇ ಇದಕ್ಕೆ ಕಾರಣ ಇರಬೇಕು. ಅದು ಅರ್ಧ ಸತ್ಯ.

ನಿಡ್ಯುಲನ್ಸನ್ನು ಸಕ್ಕರೆ, ಸಾರಜನಕ ಎಲ್ಲ ಧಾರಾಳವಾಗಿರುವ ದ್ರವದಲ್ಲಿ ಅಲ್ಲಾಡಿಸುತ್ತ ಬೆಳೆಸಿ. ಊಟ ಇರುವಷ್ಟು ಹೊತ್ತೂ ಬರೀ ಎಳೆ. ಈಗ ಆ ಎಳೆಗಳನ್ನು ಸೋಸಿ, ಅಷ್ಟೇ ಪುಷ್ಟಿಯಾದ ಅಗರ್, ಅಂದರೆ ಊಟ ಬೆರೆಸಿ ಗಟ್ಟಿಯಾಗಿಸಿದ ಜೆಲ್ಲಿ, ಅದರ ಮೇಲೆ ಹರಡಿ. ಊಟ ಅದೇ. ಬದಲಾದದ್ದು ಒಂದೇ: ಮೈಯ ಒಂದು ಬದಿಗೆ ಈಗ ಗಾಳಿ ತಾಗುತ್ತಿದೆ. ಒಂದು ದಿನದೊಳಗೆ ತಟ್ಟೆ ಹಸಿರಾಗುತ್ತದೆ. ಹೊಟ್ಟೆ ತುಂಬಿದ ಬೂಷ್ಟೇ ಬೀಜಾಣು ಮಾಡಿತು, ಅಲ್ವಾ?

ಹಸಿವೂ ಒಂದು ಸಂಕೇತ, ಇಲ್ಲ ಅನ್ನುವುದಿಲ್ಲ. ದ್ರವದಲ್ಲೇ ಇಟ್ಟು ಗ್ಲೂಕೋಸ್ ಅಥವಾ ಸಾರಜನಕ ತೆಗೆದುಬಿಟ್ಟರೆ ನಿಡ್ಯುಲನ್ಸ್ ಅಲ್ಲೇ ಒಂದಷ್ಟು ಕೊನಿಡಿಯಾ ಮಾಡುತ್ತದೆ. ಆದರೆ ಎಷ್ಟೋ ಸಲ ಅವುಗಳ ಕಾಂಡ ಮೋಟು, ತಲೆ ಸೊರಗಿದ್ದು. ಬಡತನದಲ್ಲಿ ಮಾಡಿದ ಮದುವೆ ಊಟದ ಹಾಗೆ. ನನಗೆ ಅನ್ನಿಸುವುದು ಇಷ್ಟು: ಎಳೆಗೆ ಮುಖ್ಯ ಪ್ರಶ್ನೆ "ಊಟ ಇದೆಯಾ" ಅನ್ನುವುದಕ್ಕಿಂತ "ಇಲ್ಲಿಂದ ಹೊರಡಲು ದಾರಿ ಇದೆಯಾ" ಅನ್ನುವುದು. ಗಾಳಿ, ಬೆಳಕು ಎರಡೂ ಆ ದಾರಿಯ ಸುದ್ದಿ ತರುತ್ತವೆ. ಮಣ್ಣಿನ ಆಳದಲ್ಲೋ ಮರದ ಒಳಗೋ ಬೀಜಾಣು ಉದುರಿಸಿ ಏನು ಪ್ರಯೋಜನ?

ಗಾಳಿ ತಾಗಿದೆ ಅಂತ ಅದಕ್ಕೆ ಗೊತ್ತಾಗೋದಾದ್ರೂ ಹೇಗೆ? ಆಮ್ಲಜನಕದಿಂದಾನಾ?

ಬರೀ ಆಮ್ಲಜನಕ ಆಗಿದ್ದರೆ ಜೋರಾಗಿ ಅಲ್ಲಾಡುವ ಫ್ಲಾಸ್ಕಿನಲ್ಲೂ ಬೀಜಾಣು ಬರಬೇಕಿತ್ತು. ಅಲ್ಲಿ ಆಮ್ಲಜನಕಕ್ಕೆ ಬರ ಇಲ್ಲ. ನೀರು ಮುಗಿದು ಗಾಳಿ ಶುರುವಾಗುವ ಗಡಿಯಲ್ಲಿ ಎಳೆ ಇರಬೇಕು, ಅದು ಮುಖ್ಯ. ಅಲ್ಲಿ ಮೈ ಒಣಗುತ್ತದೆ, ಕೋಶದ ಗೋಡೆಯ ಮೇಲ್ಮೈ ಬದಲಾಗುತ್ತದೆ, ಆಮ್ಲಜನಕ ಹೆಚ್ಚುತ್ತದೆ, ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಇವೆಲ್ಲ ಒಟ್ಟಿಗೆ ಬರುವುದರಿಂದ ಒಂದೊಂದರ ಪಾಲು ಬೇರೆ ಮಾಡಿ ತೂಗುವುದು ಕಷ್ಟ.

ಆ ಗಡಿ ದಾಟುವುದೇ ಒಂದು ಸಾಹಸ. ಮೈಕ್ರೋಮೀಟರ್ ಲೆಕ್ಕದ ಎಳೆಗೆ ನೀರಿನ ಮೇಲ್ಪದರ ರಬ್ಬರು ಹಾಳೆಯಷ್ಟು ಬಿಗಿ. ಹೈಡ್ರೋಫೋಬಿನ್ ಎಂಬ ಪುಟ್ಟ ಪ್ರೋಟೀನುಗಳನ್ನು ಹೊರಗೆ ಸುರಿದು ಅದು ಆ ಬಿಗಿ ಸಡಿಲಿಸುತ್ತದೆ. ಸ್ಕಿಜೋಫಿಲಂ ಎಂಬ ಅಣಬೆಯ ಹೈಡ್ರೋಫೋಬಿನ್ ನೀರಿನ ಮೇಲ್ಮೈ ಎಳೆತವನ್ನು 72ರಿಂದ 24ಕ್ಕೆ ಇಳಿಸುತ್ತದೆ, ಪ್ರತಿ ಚದರ ಮೀಟರಿಗೆ ಮಿಲಿಜೂಲ್ ಲೆಕ್ಕದಲ್ಲಿ. ಮೂರನೇ ಒಂದು ಪಾಲು! ದಾಟಿದ ಮೇಲೆ ಅದೇ ಪ್ರೋಟೀನು ಎಳೆಯ ಮೈಗೆ ಮೇಣದ ಹಾಗೆ ಅಂಟಿಕೊಂಡು, ಎಳೆ ಮತ್ತೆ ನೀರಿಗೆ ಬೀಳದಂತೆ ನೋಡಿಕೊಳ್ಳುತ್ತದೆ.

ತಟ್ಟೆಗೆ ಹಾಕಿ ಹನ್ನೆರಡು ಗಂಟೆ ಆಯ್ತು, ಗಾಳಿನೂ ಇದೆ. ಇನ್ನೂ ಯಾಕೆ ಬಂದಿಲ್ಲ?

ವಯಸ್ಸಿಗೆ ಬಂದಿಲ್ಲ, ಅದಕ್ಕೆ. ನಿಡ್ಯುಲನ್ಸ್ ಸುಮಾರು 18–20 ಗಂಟೆ ಬೆಳೆಯುವವರೆಗೂ ಗಾಳಿ ತೋರಿಸಿದರೂ ಪ್ರಯೋಜನವಿಲ್ಲ. ಈ ಅರ್ಹತೆ ಊಟ ಕಡಿಮೆಯಾದದ್ದರಿಂದ ಬರುವುದಲ್ಲ. ಊಟ ಜಾಸ್ತಿ ಕೊಟ್ಟರೂ ಸಮಯ ಹೆಚ್ಚುಕಡಿಮೆ ಅಷ್ಟೇ. ಒಳಗಿನ ಗಡಿಯಾರ ಅದು.

ಒಮ್ಮೆ ಅರ್ಹತೆ ಬಂದು ಗಾಳಿಗೆ ಒಡ್ಡಿದಿರೋ, ಮುಂದಿನದು ಸರಸರ ನಡೆಯುತ್ತದೆ. ಸುಮಾರು 5 ಗಂಟೆಗೆ ಕಾಂಡ ಏಳುತ್ತದೆ, 10ರ ಹೊತ್ತಿಗೆ ತುದಿ ಊದುತ್ತದೆ, 15ರ ಸುಮಾರಿಗೆ ಬಣ್ಣವಿಲ್ಲದ ಎಳೆಯ ಬೀಜಾಣು ಕಾಣುತ್ತದೆ. ಇಡೀ ದಿನ ಕಳೆಯುವಷ್ಟರಲ್ಲಿ ಹಸಿರು.

ಬೂಷ್ಟಿಗೆ ಬೆಳಕು ಕಾಣುತ್ತಾ? ಕಣ್ಣೇ ಇಲ್ವಲ್ಲ!

ಕಣ್ಣಿಲ್ಲ, ಬೆಳಕು ಹಿಡಿಯುವ ಪ್ರೋಟೀನು ಇದೆ. ಅದೂ ಒಂದಲ್ಲ. ಕೆಂಪಿಗೆ ಒಂದು, ನೀಲಿಗೆ ಒಂದು.

ನಿಡ್ಯುಲನ್ಸಿನ ಕಾಡು ತಳಿ ಕೆಂಪು ಬೆಳಕಿನಲ್ಲಿ ಬೀಜಾಣು ಮಾಡುತ್ತದೆ. 1990ರಲ್ಲಿ ಮೂನಿ ಮತ್ತು ಯೇಗರ್ ತೋರಿಸಿದ ಸಂಗತಿ ಇದು. ಸೊಗಸು ಇರುವುದು ಮುಂದಿನ ಭಾಗದಲ್ಲಿ: ಕೆಂಪಿನ ಬೆನ್ನಿಗೇ ಇನ್ನೂ ಉದ್ದ ಅಲೆಯ ಕಡುಗೆಂಪು ಬೆಳಕು ಕೊಟ್ಟರೆ ಅಪ್ಪಣೆ ರದ್ದು. ಗಿಡಗಳಲ್ಲಿ ಫೈಟೋಕ್ರೋಮ್ ಎಂಬ ಬೆಳಕು ಹಿಡಿಯುವ ಪ್ರೋಟೀನು ಮಾಡುವ ಆಟವೇ ಇದು. ಮುಂದೆ 2005ರಲ್ಲಿ ಇದೇ ಶಿಲೀಂಧ್ರದಲ್ಲಿ ಫೈಟೋಕ್ರೋಮ್ ಸಿಕ್ಕಿತು ಕೂಡ.

ನೀಲಿ ಬೆಳಕಿನ ಕತೆ ನ್ಯೂರೋಸ್ಪೋರಾದ್ದು. ಅಲ್ಲಿನ ಪ್ರೋಟೀನಿನ ಹೆಸರು ವೈಟ್ ಕಾಲರ್, ಬಿಳಿ ಕುತ್ತಿಗೆಪಟ್ಟಿ. ಹೆಸರು ಯಾಕೆ ಅಂತ ಕೊಳವೆ ನೋಡಿದರೆ ತಿಳಿಯುತ್ತದೆ. ಸರಿಯಾದ ತಳಿಯಲ್ಲಿ ಬೆಳಕು ಬಿದ್ದ ಎಳೆಗಳೂ ಕಿತ್ತಳೆ, ಬೀಜಾಣುವೂ ಕಿತ್ತಳೆ. ಈ ಜೀನ್ ಕೆಟ್ಟ ತಳಿಯಲ್ಲಿ ಬೀಜಾಣು ಕಿತ್ತಳೆಯಾಗೇ ಇರುತ್ತದೆ, ಕೆಳಗಿನ ಎಳೆಗೆ ಬಣ್ಣ ಬರುವುದಿಲ್ಲ. ಕಿತ್ತಳೆ ತಲೆಯ ಕೆಳಗೆ ಬಿಳಿ ಪಟ್ಟಿ.

ಎಲ್ಲರಿಗೂ ಬೆಳಕು ಒಂದೇ ಮಾತು ಹೇಳುವುದಿಲ್ಲ. ಕೆಲವು ಆಲ್ಟರ್ನೇರಿಯಾಗಳಿಗೆ ಕಾಂಡ ಏಳಲು ಬೆಳಕು ಬೇಕು, ಅದರ ಮೇಲೆ ಬೀಜಾಣು ಕೂರಲು ಕತ್ತಲೆ ಬೇಕು. ಇಡೀ ದಿನ ದೀಪ ಉರಿಸಿದರೆ ಬೋಳು ಕಾಂಡಗಳು ಮಾತ್ರ ಸಿಗುತ್ತವೆ.

ನನ್ನ ತಟ್ಟೆಯಲ್ಲಿ ಉಂಗುರ ಉಂಗುರವಾಗಿ ಬೆಳೆದಿದೆ. ಏನಾದ್ರೂ ರೋಗವಾ?

ರೋಗವಲ್ಲ, ದಿನಚರಿ. ನನಗೂ ಇದು ತಡವಾಗಿ ಹೊಳೆದದ್ದು. ಟ್ರೈಕೋಡರ್ಮಾ ಎಂಬ ಹಸಿರು ಬೂಷ್ಟಿನ ತಟ್ಟೆಗಳನ್ನು ಕತ್ತಲೆಯ ಇನ್‌ಕ್ಯುಬೇಟರಿನಲ್ಲಿ ಇಟ್ಟಿದ್ದೆ. ನಾಲ್ಕನೇ ದಿನ ತೆಗೆದರೆ ಗುರಿಹಲಗೆಯ ಹಾಗೆ ಹಸಿರು ಉಂಗುರಗಳು. ಮೀಡಿಯಾ, ಅಂದರೆ ಬೂಷ್ಟಿನ ಊಟ, ಸರಿ ಕಲಸಿಲ್ಲ ಅಂತ ಸುಮ್ನೆ ನನ್ನನ್ನೇ ಬೈದುಕೊಂಡೆ. ಆಮೇಲೆ ಹೊಳೆಯಿತು: ದಿನಾ ಬೆಳಿಗ್ಗೆ "ಎಷ್ಟು ಬೆಳೆದಿದೆ" ಅಂತ ಬಾಗಿಲು ತೆಗೆದು, ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡುತ್ತಿದ್ದೆನಲ್ಲ! ಕತ್ತಲೆಯಲ್ಲಿ ಬೆಳೆಯುವ ಟ್ರೈಕೋಡರ್ಮಾಗೆ ಒಮ್ಮೆ ನೀಲಿ ಬೆಳಕು ತಾಗಿದರೆ, ಆ ಕ್ಷಣದಲ್ಲಿ ವಸಾಹತಿನ, ಅಂದರೆ ಒಟ್ಟಾಗಿ ಹರಡಿದ ಎಳೆಗಳ ಗುಂಪಿನ, ಅಂಚು ಎಲ್ಲಿತ್ತೋ ಅಲ್ಲಿ ಒಂದು ಉಂಗುರ ಬೀಜಾಣು ಬರುತ್ತದೆ. ಒಳಗಿನ ಹಳೆಯ ಎಳೆಗಳಿಗೆ ಅಷ್ಟು ಚುರುಕಿಲ್ಲ. ನನ್ನ ಆತುರದ ದಿನಚರಿಯನ್ನು ಅದು ತಟ್ಟೆಯ ಮೇಲೆ ಬರೆದಿಟ್ಟಿತ್ತು.

ನ್ಯೂರೋಸ್ಪೋರಾಗೆ ಬೆಳಕೂ ಬೇಕಿಲ್ಲ. ಬ್ಯಾಂಡ್ ಎಂಬ ತಳಿಯನ್ನು ಉದ್ದನೆಯ ಗಾಜಿನ ಕೊಳವೆಯಲ್ಲಿ ಒಂದು ತುದಿಗೆ ಬಿತ್ತಿ ಪೂರ್ತಿ ಕತ್ತಲೆಯಲ್ಲಿಡಿ. ಮುಂದಕ್ಕೆ ಬೆಳೆಯುತ್ತ, ಸುಮಾರು 22 ಗಂಟೆಗೊಮ್ಮೆ ಒಂದು ಕಿತ್ತಳೆ ಪಟ್ಟಿ ಹಾಕುತ್ತ ಹೋಗುತ್ತದೆ. ಇದು ಭೂಮಿಯಿಂದಲೇ ಬರುವ ಯಾವುದೋ ಗುಪ್ತ ಸುಳಿವಿನಿಂದ ಇರಬಹುದೇ ಎಂಬ ಅನುಮಾನ ಇತ್ತು. 1983ರಲ್ಲಿ ಸ್ಪೇಸ್‌ಲ್ಯಾಬ್ ಜೊತೆ ಈ ಕೊಳವೆಗಳನ್ನೂ ಬಾಹ್ಯಾಕಾಶಕ್ಕೆ ಕಳಿಸಿದರು. ಅಲ್ಲೂ ಪಟ್ಟಿಗಳು ಬಂದವು.

ಗಾಯ ಮಾಡಿದ್ರೆ ಬೀಜಾಣು ಬರುತ್ತಂತೆ, ನಿಜಾನಾ?

ನಿಜ. ಟ್ರೈಕೋಡರ್ಮಾ ಅಟ್ರೋವಿರಿಡೆ ಬೆಳೆದ ತಟ್ಟೆಯನ್ನು ಬ್ಲೇಡಿನಿಂದ ಗೀರಿ ಕತ್ತಲೆಯಲ್ಲಿಟ್ಟರೆ, ಒಂದೆರಡು ದಿನದಲ್ಲಿ ಗೀರಿದ ಗೆರೆಯುದ್ದಕ್ಕೂ ಹಸಿರು. ಅಕ್ಷರ ಬರೆದರೆ ಅಕ್ಷರವೇ ಮೂಡುತ್ತದೆ. ತುಂಡಾದ ಎಳೆಗಳಿಂದ ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಅಣು, ಹೊರಗೆ ಸೋರುತ್ತದೆ. ಕೋಶದೊಳಗೆ ಇರಬೇಕಾದದ್ದು ಹೊರಗೆ ಸಿಕ್ಕಿದರೆ ಪಕ್ಕದ ಕೋಶಕ್ಕೆ ಅದೇ ಅಪಾಯದ ಸುದ್ದಿ. ಅದು ಚುರುಕು ಆಮ್ಲಜನಕದ ಕಣಗಳನ್ನು ಉತ್ಪಾದಿಸುತ್ತದೆ, ಕ್ಯಾಲ್ಸಿಯಂ ಏರುತ್ತದೆ, ಅಲ್ಲಿಂದ ಬೀಜಾಣುವಿನ ಹಾದಿ. ಪ್ರಾಣಿ, ಗಿಡಗಳಲ್ಲೂ ಗಾಯಕ್ಕೆ ಮೊದಲ ಸ್ಪಂದನೆ ಹೆಚ್ಚುಕಡಿಮೆ ಇದೇ. ಅವು ಗಾಯ ಮಾಯಿಸುತ್ತವೆ, ಇದು ಗಾಯದ ಮೇಲೆ ಬೀಜಾಣು ಬೆಳೆಯುತ್ತದೆ.

ತೇವ, ಬಿಸಿ, ಪಿಎಚ್ ಇವೆಲ್ಲ ಲೆಕ್ಕಕ್ಕೆ ಬರಲ್ವಾ?

ಬರುತ್ತವೆ. ಆದರೆ ಒಂದೊಂದು ಜಾತಿಗೆ ಒಂದೊಂದು ಲೆಕ್ಕ. ಹೆಚ್ಚು ಸಲ ಕಾಣುವುದು ಇಷ್ಟು: ಎಳೆ ಬೆಳೆಯಲು ಒಪ್ಪುವ ವ್ಯಾಪ್ತಿಗಿಂತ ಬೀಜಾಣು ಮಾಡಲು ಒಪ್ಪುವ ವ್ಯಾಪ್ತಿ ಕಿರಿದು. ಕೀಟಗಳನ್ನು ಕೊಲ್ಲುವ ಮೆಟಾರೈಜಿಯಂ ಹುಳದೊಳಗೆ ಬೆಳೆದು ಮುಗಿದ ಮೇಲೆ ಹೊರಗಿನ ಗಾಳಿ ಒದ್ದೆಯಾಗಿದ್ದರೆ ಮಾತ್ರ ಹೊರಗೆ ಬಂದು ಹಸಿರಾಗುತ್ತದೆ. ಒಣಹವೆಯಲ್ಲಿ ಒಳಗೇ ಕಾಯುತ್ತದೆ.

## ತಟ್ಟೆಯ ಮುಂದೆ ಕೂತವರಿಗೆ

ನನ್ನ ಕಲ್ಚರ್ ಬಿಳಿ ಹತ್ತಿ ಥರಾನೇ ಉಳಿದಿದೆ. ಏನು ಮಾಡಲಿ?

ಮೊದಲು ತಟ್ಟೆಯ ಅಂಚಿಗೆ ಸುತ್ತಿದ ಪ್ಯಾರಾಫಿಲ್ಮ್ ಪಟ್ಟಿ ಸಡಿಲಿಸಿ. ತಟ್ಟೆಯನ್ನು ಬಿಗಿಯಾಗಿ ಸುತ್ತಿದರೆ ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಅದು ಬೀಜಾಣುವಿಗೆ ಅಡ್ಡಿ. ಪಾಪ, ಎಷ್ಟೋ ವಿದ್ಯಾರ್ಥಿಗಳು ಮೀಡಿಯಾ ಬದಲಿಸಿ, ತಳಿ ಬದಲಿಸಿ ಸೋತ ಮೇಲೆ ಇದನ್ನು ಮಾಡಿ ನೋಡುತ್ತಾರೆ.

ಆಮೇಲೆ ಬೆಳಕು. 12 ಗಂಟೆ ಬೆಳಕು, 12 ಗಂಟೆ ಕತ್ತಲೆ ಕೊಟ್ಟು ನೋಡಿ. ಗಿಡಗಳ ರೋಗದ ಶಿಲೀಂಧ್ರಗಳಾದರೆ ಬ್ಲ್ಯಾಕ್‌ಲೈಟ್ ದೀಪ, ಅಂದರೆ ಕಣ್ಣಿಗೆ ಕಾಣುವ ನೇರಳೆಗೆ ಹತ್ತಿರದ ಅತಿನೇರಳೆ, ತುಂಬ ಸಲ ಕೆಲಸ ಮಾಡುತ್ತದೆ. ಅದು ಹಾಯಬೇಕಾದರೆ ಪ್ಲಾಸ್ಟಿಕ್ ಮುಚ್ಚಳವೂ ಅದನ್ನು ಬಿಡುವಂಥದ್ದಾಗಿರಬೇಕು. ಮೀಡಿಯಾ ತೀರಾ ಪುಷ್ಟಿಯಾಗಿದ್ದರೆ ಸ್ವಲ್ಪ ಬಡವಾಗಿಸಿ. ಸಿರಿವಂತ ಅಗರ್ ಮೇಲೆ ಕೆಲವು ಜಾತಿಗಳು ಎಳೆ ಬೆಳೆಸುತ್ತಲೇ ಮೈಮರೆಯುತ್ತವೆ.

ಇಷ್ಟಾದರೂ ಬರದಿದ್ದರೆ ತಳಿಯೇ ಕೆಟ್ಟಿರಬಹುದು. ಸಬ್‌ಕಲ್ಚರ್ ಮಾಡುವಾಗ, ಅಂದರೆ ಹಳೆಯ ತಟ್ಟೆಯಿಂದ ಹೊಸದಕ್ಕೆ ಬಿತ್ತುವಾಗ, ಪ್ರತಿ ಸಲ ಅಂಚಿನ ಬಿಳಿ ಎಳೆಯನ್ನೇ ಎತ್ತುತ್ತ ಹೋದರೆ, ಬೀಜಾಣು ಮಾಡದೆ ಬೇಗ ಬೆಳೆಯುವ ರೂಪಾಂತರಗಳನ್ನೇ, ಅಂದರೆ ಜೀನ್ ಬದಲಾದ ತಳಿಗಳನ್ನೇ, ನೀವು ಆರಿಸಿದಂತೆ ಆಗುತ್ತದೆ. ಹಳೆಯ ದಾಸ್ತಾನಿನಿಂದ ಹೊಸದಾಗಿ ಎಬ್ಬಿಸಿ. ಕೀಟ ಕೊಲ್ಲುವ ಜಾತಿಯಾದರೆ ಒಮ್ಮೆ ಕೀಟದ ಮೇಲೆ ಹಾಯಿಸಿ ಮರಳಿ ಪಡೆಯಿರಿ.

ಫ್ಲಾಸ್ಕಿನ ದ್ರವದಲ್ಲೇ ಬೀಜಾಣು ಬೆಳೆಸೋಕೆ ಆಗಲ್ವಾ? ತಟ್ಟೆ ಕೆರೆದು ಕೆರೆದು ಸಾಕಾಯ್ತು.

ಕೆಲವಕ್ಕೆ ಆಗುತ್ತದೆ. ಹಲವು ಪೆನಿಸಿಲಿಯಂಗಳು ದ್ರವಕ್ಕೆ ಕ್ಯಾಲ್ಸಿಯಂ ಹಾಕಿದರೆ ಮುಳುಗಿದಲ್ಲೇ ಬೀಜಾಣು ಮಾಡುತ್ತವೆ. ಆಸ್ಪರ್‌ಜಿಲ್ಲಸ್ ನೈಜರ್ ಬೀಜಾಣುವನ್ನು ಹೆಚ್ಚು ಬಿಸಿಯಲ್ಲಿಟ್ಟು ನಂತರ ತಂಪಿಗೆ ತಂದರೆ, ಮೊಳೆತ ತಕ್ಷಣ ಮತ್ತೆ ಬೀಜಾಣುವಿಗೇ ಇಳಿಯುತ್ತದೆ, ನಡುವಿನ ಬೆಳವಣಿಗೆಯನ್ನೇ ಬಿಟ್ಟು. ಕೀಟ ಕೊಲ್ಲುವ ಬ್ಯೂವೇರಿಯಾ ದ್ರವದಲ್ಲಿ ಬ್ಲಾಸ್ಟೋಸ್ಪೋರ್ ಎಂಬ ತೆಳುಗೋಡೆಯ ಕೋಶಗಳನ್ನು ಧಾರಾಳವಾಗಿ ಕೊಡುತ್ತದೆ. ಆದರೆ ಅವು ಗಾಳಿಯಲ್ಲಿ ಬೆಳೆದ ಕೊನಿಡಿಯಾದಷ್ಟು ದಿನ ಬಾಳುವುದಿಲ್ಲ. ಅದಕ್ಕೇ ದೊಡ್ಡ ಪ್ರಮಾಣದಲ್ಲಿ ಮಾಡುವವರು ಎಳೆಯನ್ನು ದ್ರವದಲ್ಲಿ ಬೆಳೆಸಿ, ಬೀಜಾಣುವಿಗೆ ಬೇಯಿಸಿದ ಧಾನ್ಯದ ಮೇಲೆ ಹರಡುತ್ತಾರೆ. ಕಾಳುಗಳ ನಡುವಿನ ಸಂದಿಯೇ ಇಲ್ಲಿ ಬಂಡವಾಳ.

ಬೀಜಾಣು ಆಗದ ಹಾಗೆ ತಡೆಯೋಕೆ ಆಗುತ್ತಾ?

ಬೂದು ಬೂಷ್ಟು ತರುವ ಬೋಟ್ರೈಟಿಸ್‌ನ ಅನೇಕ ತಳಿಗಳಿಗೆ ಬೀಜಾಣು ಮಾಡಲು ಅತಿನೇರಳೆ ಬೇಕು. ಹಸಿರುಮನೆಗೆ ಆ ಅಲೆಗಳನ್ನು ಹೀರುವ ಪ್ಲಾಸ್ಟಿಕ್ ಹೊದಿಸಿದರೆ ರೋಗ ಹರಡುವುದು ತಗ್ಗುತ್ತದೆ. ಶಿಲೀಂಧ್ರ ಸಾಯುವುದಿಲ್ಲ, ಸುದ್ದಿ ತಲುಪುವುದಿಲ್ಲ ಅಷ್ಟೇ. ವಿಷ ಸಿಂಪಡಿಸದೆ ಮಾಡುವ ಈ ಉಪಾಯ ನನಗೆ ತುಂಬ ಇಷ್ಟ.

## ಒಳಗಿನ ಲೆಕ್ಕ

ಇಷ್ಟೆಲ್ಲ ಸಂಕೇತ ಬಂದ್ರೆ ಕೊನೆಗೆ ತೀರ್ಮಾನ ಮಾಡೋರು ಯಾರು?

ನಿಡ್ಯುಲನ್ಸಿನಲ್ಲಿ ಎಲ್ಲ ದಾರಿಗಳೂ ಒಂದು ಜೀನಿಗೆ ಬಂದು ಸೇರುತ್ತವೆ: ಬಿಆರ್‌ಎಲ್‌ಎ. 1969ರಲ್ಲಿ ಗ್ಲಾಸ್ಗೋದ ಜಾನ್ ಕ್ಲಟರ್‌ಬಕ್ ಬೀಜಾಣು ಮಾಡಲು ಎಡವುವ ರೂಪಾಂತರಗಳನ್ನು ವಿಂಗಡಿಸಿದರು. ಅವುಗಳ ಹೆಸರುಗಳೇ ಚಿತ್ರ ಕೊಡುತ್ತವೆ. ಬ್ರಿಸಲ್, ಅಂದರೆ ಬಿರುಗೂದಲು, ಬಿಆರ್‌ಎಲ್‌ಎ ಕೆಟ್ಟಾಗ ಬರುವುದು: ಕಾಂಡ ತಲೆ ಊದಿಸದೆ ಎತ್ತರಕ್ಕೆ ಬೆಳೆಯುತ್ತಲೇ ಇರುತ್ತದೆ, ತಟ್ಟೆ ಬ್ರಷ್ಷಿನ ಹಾಗೆ ಕಾಣುತ್ತದೆ. ಅಬ್ಯಾಕಸ್: ಬೀಜಾಣುವಿನ ಬದಲು ಅಲ್ಲಲ್ಲಿ ಊದಿದ ಕಡ್ಡಿಗಳು, ಮಣಿಚೌಕಟ್ಟಿನ ತಂತಿಯ ಹಾಗೆ. ವೆಟ್-ವೈಟ್: ಬೀಜಾಣು ಬರುತ್ತದೆ, ಆದರೆ ಬಣ್ಣ ಬರದೆ, ಗೋಡೆ ನಿಲ್ಲದೆ ಕರಗಿ ಒದ್ದೆಯಾಗುತ್ತದೆ. ಕೆಲಸದ ಸರದಿಯೂ ಇದೇ. ಬ್ರಿಸಲ್ ಜೀನ್ ಅಬ್ಯಾಕಸ್ ಅನ್ನು ಎಬ್ಬಿಸುತ್ತದೆ, ಅಬ್ಯಾಕಸ್ ವೆಟ್-ವೈಟ್ ಅನ್ನು.

1988ರಲ್ಲಿ ಆಡಮ್ಸ್, ಬಾಯ್ಲನ್, ಟಿಂಬರ್‌ಲೇಕ್ ಮಾಡಿದ ಪ್ರಯೋಗ ನೋಡಿ. ಬಿಆರ್‌ಎಲ್‌ಎ ಜೀನಿಗೆ ಬೇರೆ ಸ್ವಿಚ್ಚು ಜೋಡಿಸಿ, ದ್ರವದಲ್ಲಿ ಮುಳುಗಿರುವಾಗಲೇ ಒತ್ತಿದರು. ಗಾಳಿ ಇಲ್ಲ. ಆದರೂ ಎಳೆ ಬೆಳೆಯುವುದು ನಿಲ್ಲಿಸಿತು, ಅದರ ತುದಿಯಿಂದಲೇ ಬೀಜಾಣು ಬಂತು. ಹೊರಗಿನ ಸಂಕೇತಗಳಿಗೆ ಇರುವ ಕೆಲಸ ಈ ಒಂದು ಸ್ವಿಚ್ಚು ತಲುಪುವುದು.

ಒಂದು ಬೂಷ್ಟು ಪಕ್ಕದ ಬೂಷ್ಟಿಗೆ "ಈಗ ಮಾಡು" ಅಂತ ಹೇಳುತ್ತಾ?

ಹೇಳುತ್ತದೆ. ಫ್ಲೂಜಿ ಎಂಬ ಜೀನ್ ಕೆಟ್ಟ ತಳಿ ಹತ್ತಿಯ ಹಾಗೆ ಬೆಳೆಯುತ್ತದೆ, ಬೀಜಾಣು ಇಲ್ಲ. ಅದರ ಪಕ್ಕದಲ್ಲಿ ಸರಿಯಾದ ತಳಿ ಬಿತ್ತಿದರೆ, ಎರಡೂ ಮುಟ್ಟುವ ಗಡಿಯಲ್ಲಿ ಹತ್ತಿಯಂಥದ್ದೂ ಹಸಿರಾಗುತ್ತದೆ. ಸಣ್ಣ ಅಣುಗಳು ಮಾತ್ರ ಹಾಯುವ ಪೊರೆ ನಡುವೆ ಇಟ್ಟರೂ ಹಾಗೇ. ಅಂದರೆ ಏನೋ ಹೊರಗೆ ಸೋರುತ್ತಿದೆ. ಅದು ಡಿಹೈಡ್ರೋಆಸ್ಟಿನಾಲ್ ಮತ್ತು ಡೈಆರ್ಸಿನಾಲ್ ಎಂಬ ಎರಡರ ಜೋಡಿ ಅಂತ 2012ರಲ್ಲಿ ತಿಳಿಯಿತು.

ಗಾಳಿಯಲ್ಲೂ ಸುದ್ದಿ ಹೋಗುತ್ತದೆ. ಅಣಬೆಗೆ ಅದರ ವಾಸನೆ ಕೊಡುವ ಆಕ್ಟೆನಾಲ್ ಟ್ರೈಕೋಡರ್ಮಾದ ಒಂದು ವಸಾಹತಿನಿಂದ ಹೊರಟು ಇನ್ನೊಂದರಲ್ಲಿ, ಕತ್ತಲೆಯಲ್ಲೂ, ಬೀಜಾಣು ಶುರುಮಾಡಿಸುತ್ತದೆ. ಅದೇ ಅಣು ಪೆನಿಸಿಲಿಯಂ ಬೀಜಾಣುಗಳು ಗುಂಪಾಗಿರುವಾಗ ಮೊಳೆಯದಂತೆ ತಡೆಯುತ್ತದೆ. ತಾಯಿಯ ಕಾಲಬುಡದಲ್ಲೇ ಎಲ್ಲ ಒಟ್ಟಿಗೆ ಎದ್ದರೆ ಊಟ ಸಾಲದಲ್ಲ.

ಬೆಳೆಯೋದನ್ನ ನಿಲ್ಲಿಸದೆ ಬೀಜಾಣು ಮಾಡೋಕೆ ಆಗಲ್ವಾ? ವಿಷಕ್ಕೂ ಇದಕ್ಕೂ ಸಂಬಂಧ ಇದೆಯಂತೆ?

ಇಡೀ ವಸಾಹತಿನಲ್ಲಿ ಎರಡೂ ನಡೆಯುತ್ತವೆ, ಅಂಚು ಬೆಳೆಯುತ್ತದೆ, ಹಿಂದಿನ ಭಾಗ ಬೀಜಾಣು ಮಾಡುತ್ತದೆ. ಒಂದೇ ಕೋಶದಲ್ಲಿ ಮಾತ್ರ ಎರಡಕ್ಕೂ ಜಗಳ. ಫ್ಯಾಡ್‌ಎ ಎಂಬ ಜಿ-ಪ್ರೋಟೀನ್, ಅಂದರೆ ಕೋಶದೊಳಗೆ ಸುದ್ದಿ ಮುಟ್ಟಿಸುವ ಪ್ರೋಟೀನು, ಚುರುಕಾಗಿರುವಷ್ಟು ಹೊತ್ತು "ಬೆಳೆ, ಬೆಳೆ" ಅನ್ನುತ್ತದೆ. ಅದನ್ನು ಸುಮ್ಮನಾಗಿಸಲು ಎಫ್‌ಎಲ್‌ಬಿಎ ಎಂಬ ಇನ್ನೊಂದು ಇದೆ. ಅದು ಕೈಕೊಟ್ಟರೆ ಎಳೆ ಹತ್ತಿಯಂತೆ ಉಬ್ಬಿ, ಕೊನೆಗೆ ತನ್ನಷ್ಟಕ್ಕೆ ತಾನೇ ಕರಗುತ್ತದೆ. ಇದೇ ಬ್ರೇಕು ನಿಡ್ಯುಲನ್ಸಿನ ಸ್ಟೆರಿಗ್ಮಾಟೋಸಿಸ್ಟಿನ್ ವಿಷಕ್ಕೂ ಬೇಕು. ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷದ ಹತ್ತಿರದ ನೆಂಟ ಅದು. ಅದಕ್ಕೇ ಬೀಜಾಣು ಮತ್ತು ವಿಷ ಎಷ್ಟೋ ಸಲ ಜೊತೆಯಾಗಿ ಕಾಣುತ್ತವೆ.

ಬೀಜಾಣುವಿಗೆ ಬಣ್ಣ ಯಾಕೆ? ನೀರು ಹಾಕಿದ್ರೂ ಯಾಕೆ ನೆನೆಯಲ್ಲ?

ಬಣ್ಣ ಬಿಸಿಲಿನ ಅತಿನೇರಳೆಯಿಂದ ಕಾಯುವ ಕೊಡೆ. ನಿಡ್ಯುಲನ್ಸಿನಲ್ಲಿ ಒಂದು ಜೀನ್ ಕೆಟ್ಟರೆ ಬೀಜಾಣು ಬಿಳಿ, ಇನ್ನೊಂದು ಕೆಟ್ಟರೆ ಹಳದಿ. ನೆನೆಯದಿರಲು ಕಾರಣ ಮೈಮೇಲಿನ ಹೈಡ್ರೋಫೋಬಿನ್ ಪದರ. ನ್ಯೂರೋಸ್ಪೋರಾದಲ್ಲಿ ಇದನ್ನು ಮಾಡುವ ಜೀನು ದಿನದ ಗಡಿಯಾರದ ಹಿಡಿತದಲ್ಲೂ ಇದೆ.

ನಮಗೂ ಇದರಿಂದ ಒಂದು ತೊಂದರೆ. ಆಸ್ಪರ್‌ಜಿಲ್ಲಸ್ ಫ್ಯೂಮಿಗೇಟಸ್ ಬೀಜಾಣು 2–3 ಮೈಕ್ರೋಮೀಟರ್, ಶ್ವಾಸಕೋಶದ ಕೊನೆಯ ಗೂಡಿನವರೆಗೂ ಹೋಗುತ್ತದೆ. ಆ ಪದರ ಇರುವವರೆಗೂ ನಮ್ಮ ರಕ್ಷಣಾ ಕೋಶಗಳು ಅದನ್ನು ಗುರುತಿಸುವುದೇ ಇಲ್ಲ ಅಂತ 2009ರಲ್ಲಿ ತೋರಿಸಿದ್ದಾರೆ. ಒಣ ಬೂಷ್ಟನ್ನು ಸುಮ್ನೆ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಅನ್ನುವುದು ಇದಕ್ಕೇ.

ಲ್ಯಾಬಿನ ತಟ್ಟೆಯಲ್ಲಿ ಕಂಡದ್ದು ಹೊರಗೂ ಹೀಗೇ ನಡೆಯುತ್ತೆ ಅಂತ ನಂಬಬಹುದಾ?

ಈ ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ನಾನು ಆವತ್ತು ಸರಿಯಾಗಿ ಉತ್ತರ ಕೊಟ್ಟಿರಲಿಲ್ಲ. ಈಗ ಕೊಡುತ್ತೇನೆ.

ದಶಕಗಟ್ಟಲೆ ಲ್ಯಾಬುಗಳಲ್ಲಿ ಬಳಸಿದ ನಿಡ್ಯುಲನ್ಸ್ ತಳಿಗಳಲ್ಲಿ ಬಹಳಷ್ಟರಲ್ಲಿ ವೆಲ್ವೆಟ್ ಎಂಬ ಜೀನ್ ಮುರುಕು. 1965ರಲ್ಲೇ ವರದಿಯಾದ ರೂಪಾಂತರ ಅದು. ಪ್ರೋಟೀನಿನ ಮೊದಲ 36 ಅಮೈನೋ ಆಮ್ಲಗಳು ಇಲ್ಲ. ಸರಿಯಿರುವ ವೆಲ್ವೆಟ್ ಕತ್ತಲೆಯಲ್ಲಿ ನ್ಯೂಕ್ಲಿಯಸ್ಸಿನೊಳಗೆ ಹೋಗಿ, ಜೊತೆಗಾರ ಪ್ರೋಟೀನುಗಳ ಕೈ ಹಿಡಿದು ಲೈಂಗಿಕ ಬೀಜಾಣುವಿನ ಕಡೆಗೆ ತಕ್ಕಡಿ ವಾಲಿಸುತ್ತದೆ. ಬೆಳಕಿನಲ್ಲಿ ಹೆಚ್ಚಾಗಿ ಹೊರಗೇ ಉಳಿಯುತ್ತದೆ. ಮುರುಕು ವೆಲ್ವೆಟ್ ಇರುವ ತಳಿಗೆ ಕತ್ತಲೆಯೂ ಒಂದೇ, ಬೆಳಕೂ ಒಂದೇ, ಯಾವಾಗಲೂ ಹಸಿರು. ಲ್ಯಾಬಿನವರಿಗೆ ಇದಕ್ಕಿಂತ ಅನುಕೂಲ ಏನು ಬೇಕು? ಇನ್‌ಕ್ಯುಬೇಟರಿನ ಕತ್ತಲೆಯಲ್ಲೂ ಸಲೀಸಾಗಿ ಬೀಜಾಣು ಸಿಗುತ್ತದೆ ಅಂತ ಅದನ್ನೇ ಉಳಿಸಿಕೊಂಡೆವು. ಹಾಗಾಗಿ ಬೆಳಕಿನ ಪಾತ್ರ ಬಹಳ ಕಾಲ ಕಣ್ಣಿಗೆ ಬೀಳಲಿಲ್ಲ.

ನ್ಯೂರೋಸ್ಪೋರಾದ ಬ್ಯಾಂಡ್ ತಳಿಯೂ ಹೀಗೇ. ಕೊಳವೆಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡರೆ ಮಾಮೂಲಿ ತಳಿಯ ಪಟ್ಟಿಗಳು ಅಳಿಸಿ ಹೋಗುತ್ತವೆ. ಬ್ಯಾಂಡ್ ತಳಿ ಒಂದು ರೂಪಾಂತರದಿಂದಾಗಿ ಅದನ್ನು ಲೆಕ್ಕಿಸುವುದಿಲ್ಲ, ಪಟ್ಟಿಗಳು ಚೊಕ್ಕವಾಗಿ ಬರುತ್ತವೆ. ಅದಕ್ಕೇ ಎಲ್ಲರೂ ಅದನ್ನೇ ಬಳಸಿದರು.

ನೀವು ಹೊಸದಾಗಿ ಕೆಲಸ ಶುರು ಮಾಡುತ್ತಿದ್ದರೆ, ತಳಿ ತರಿಸುವಾಗ ಅದರ ವೆಲ್ವೆಟ್ ಜೀನ್ ಸರಿ ಇದೆಯೋ ಮುರುಕೋ ಅಂತ ಮೊದಲು ಕೇಳಿ. ಡಬ್ಬಿಯ ಮೇಲಿನ ಚೀಟಿಯಲ್ಲಿ ಅದನ್ನು ಯಾರೂ ಬರೆದಿರದಿದ್ದರೆ, ಎರಡು ತಟ್ಟೆ ಬಿತ್ತಿ, ಒಂದನ್ನು ಕಿಟಕಿಯ ಬಳಿ ಇಡಿ, ಇನ್ನೊಂದನ್ನು ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿಡಿ. ಮೂರು ದಿನಕ್ಕೆ ಬಿಚ್ಚಿ ನೋಡಿ. ಸುತ್ತಿದ್ದ ತಟ್ಟೆಯೂ ಅಷ್ಟೇ ಹಸಿರಾಗಿದ್ದರೆ, ನಿಮ್ಮ ಕೈಗೆ ಬಂದಿರುವುದೂ ಅದೇ ಹಳೆಯ ಮುರುಕು ತಳಿ.